ಯಾರಿಗೂ ಬೇಡವಾದವರ ವಕೀಲ

ದೊಡ್ಡ ಕ್ರೈಂ ಸುದ್ದಿ ಬಂದ ದಿನ ನಮ್ಮ ಸ್ಟುಡಿಯೋಗೆ ಬರೋ ಫೋನುಗಳಲ್ಲಿ, ಮೆಸೇಜುಗಳಲ್ಲಿ ಒಂದು ಮಾತು ಇದ್ದೇ ಇರುತ್ತೆ. "ಸರ್, ಇಂಥವನಿಗೂ ಒಬ್ಬ ವಕೀಲ ಬೇಕಾ? ನಡುರಸ್ತೆಯಲ್ಲಿ ನಿಲ್ಲಿಸಿ ಗುಂಡು ಹೊಡೀಬೇಕು." ಸಿಟ್ಟು ನನಗೆ ಅರ್ಥವಾಗುತ್ತೆ. ಮನೆಯಲ್ಲಿ ಕೂತು ನೋಡೋರಿಗೆ ಶವ ಕಾಣುತ್ತೆ, ಅಳೋ ತಾಯಿ ಕಾಣ್ತಾಳೆ, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಪೊಲೀಸ್ ಜೀಪು ಹತ್ತೋ ಆರೋಪಿ ಕಾಣ್ತಾನೆ. ಆಮೇಲೆ ಕರಿ ಕೋಟು ಹಾಕಿಕೊಂಡವರೊಬ್ಬರು ಬಂದು "ನನ್ನ ಕಕ್ಷಿದಾರ ನಿರಪರಾಧಿ" ಅಂದರೆ ರಕ್ತ ಕುದಿಯದೆ ಇರುತ್ತಾ?

ಆ ಪ್ರಶ್ನೆಯನ್ನೇ ಜೀವನಪೂರ್ತಿ ಮೈಮೇಲೆ ಎಳೆದುಕೊಂಡ ಒಬ್ಬ ವಕೀಲರ ಕಥೆ ಇವತ್ತು ಹೇಳ್ತೀನಿ. ರಾಮ್ ಜೇಠ್ಮಲಾನಿ. ಎಪ್ಪತ್ತು ವರ್ಷಕ್ಕೂ ಮೀರಿದ ವಕೀಲಿ. ಅವರ ಕಕ್ಷಿದಾರರ ಪಟ್ಟಿ ನೋಡಿದರೆ ಸ್ವತಂತ್ರ ಭಾರತ ಯಾರ್ಯಾರನ್ನು ದ್ವೇಷಿಸಿತು ಅನ್ನೋದರ ಪಟ್ಟಿಯೇ ಸಿಕ್ಕ ಹಾಗೆ.

ಹುಟ್ಟಿದ್ದು 1923ರ ಸೆಪ್ಟೆಂಬರ್ 14ರಂದು, ಸಿಂಧ್ ಪ್ರಾಂತ್ಯದ ಶಿಕಾರ್‌ಪುರದಲ್ಲಿ. ಈಗ ಅದು ಪಾಕಿಸ್ತಾನ. ಹುಡುಗ ಚುರುಕು. ಡಬಲ್ ಪ್ರಮೋಷನ್ ತಗೊಂಡು 13ಕ್ಕೇ ಮೆಟ್ರಿಕ್ ಮುಗಿಸಿದ, 17ಕ್ಕೆ ಕಾನೂನು ಪದವಿ. ಆದರೆ ವಕೀಲನಾಗಬೇಕಾದರೆ 21 ತುಂಬಿರಬೇಕು ಅನ್ನೋದು ಆಗಿನ ನಿಯಮ. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ವರ್ಷ ಸುಮ್ಮನೆ ಕೂತಿರ್ತಿದ್ರು. ಈತ ಆ ನಿಯಮದ ಮೇಲೇ ವಾದ ಹೂಡಿ, ವಿಶೇಷ ಅನುಮತಿ ಪಡೆದು, 18ಕ್ಕೇ ಕೋಟು ಹಾಕಿದ. ಅಂದರೆ ಮೊದಲ ಕಕ್ಷಿದಾರ ತಾನೇ!

ಕರಾಚಿಯಲ್ಲಿ ಎ.ಕೆ. ಬ್ರೋಹಿ ಅನ್ನೋ ಹಿರಿಯ ಸ್ನೇಹಿತರ ಜೊತೆ ಪಾಲುದಾರಿಕೆಯಲ್ಲಿ ವಕೀಲಿ ಶುರುವಾಯ್ತು. ಒಬ್ಬರು ಹಿಂದೂ, ಒಬ್ಬರು ಮುಸ್ಲಿಂ. ದೇಶ ಎರಡಾಯ್ತು, ಆಫೀಸೂ ಎರಡಾಯ್ತು. 1948ರಲ್ಲಿ ಕರಾಚಿ ಗಲಭೆ ಆದ ಮೇಲೆ ಜೇಠ್ಮಲಾನಿ ಬೊಂಬಾಯಿಗೆ ಬಂದರು. ಮುಂದೆ ಬ್ರೋಹಿ ಪಾಕಿಸ್ತಾನದ ಕಾನೂನು ಮಂತ್ರಿ, ಜೇಠ್ಮಲಾನಿ ಭಾರತದ ಕಾನೂನು ಮಂತ್ರಿ. ಒಂದೇ ಆಫೀಸಿನ ಇಬ್ಬರು ಎರಡು ಶತ್ರುದೇಶಗಳ ಕಾನೂನು ಮಂತ್ರಿಗಳಾದರು ಅಂದರೆ ಸಿನಿಮಾ ಕಥೆ ಅನ್ನಿಸುತ್ತೆ, ಅಲ್ವಾ?

ಬೊಂಬಾಯಿಯಲ್ಲಿ ಅವರು ನಿರಾಶ್ರಿತ. ನಿರಾಶ್ರಿತರನ್ನು ಅಪರಾಧಿಗಳ ಹಾಗೆ ನೋಡೋ ಒಂದು ಕಾಯ್ದೆ ಆಗ ಅಲ್ಲಿತ್ತು. ಅದರ ವಿರುದ್ಧವೇ ಹೈಕೋರ್ಟಿಗೆ ಹೋದರು. ಮುಂದಿನ ಎಪ್ಪತ್ತು ವರ್ಷ ಅವರು ಸರ್ಕಾರದ ಎದುರು ನಿಂತ ಭಂಗಿ ಇದೆಯಲ್ಲ, ಅದರ ಬೇರು ಅಲ್ಲಿದೆ ಅಂತ ನನಗನ್ನಿಸುತ್ತೆ.

ದೇಶಕ್ಕೆ ಅವರ ಹೆಸರು ಗೊತ್ತಾಗಿದ್ದು ನಾನಾವತಿ ಕೇಸಿನಿಂದ. 'ರುಸ್ತುಂ' ಸಿನಿಮಾ ನೋಡಿದವರಿಗೆ ಕಥೆ ಗೊತ್ತು. 1959ರ ಏಪ್ರಿಲ್ 27. ನೌಕಾಪಡೆಯ ಕಮಾಂಡರ್ ಕಾವಾಸ್ ನಾನಾವತಿ ತನ್ನ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಗುಂಡಿಟ್ಟು ಕೊಂದು ಶರಣಾದ. ಬೊಂಬಾಯಿ ಪೂರ್ತಿ ನಾನಾವತಿ ಪರ. 'ಬ್ಲಿಟ್ಜ್' ಪತ್ರಿಕೆ ಅವನನ್ನು ಹೀರೋ ಮಾಡಿತು. ನೋಡಿ, ಮೀಡಿಯಾ ಟ್ರಯಲ್ ಅನ್ನೋದು ನಮ್ಮ ಟಿವಿಯವರ ಆವಿಷ್ಕಾರ ಅಂತ ಬೈಯೋರು ಇದ್ದಾರೆ. ಟಿವಿ ಮನೆಗೆ ಬರೋ ಎಷ್ಟೋ ಮೊದಲೇ ಒಂದು ಪತ್ರಿಕೆ ಆ ಕೆಲಸ ಮಾಡಿ ಮುಗಿಸಿತ್ತು. ಜ್ಯೂರಿ 8-1ರಲ್ಲಿ ನಾನಾವತಿ ನಿರ್ದೋಷಿ ಅಂತು. ಸೆಷನ್ಸ್ ಜಡ್ಜ್ ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಜೇಠ್ಮಲಾನಿ ಯಾರ ಪರ ಇದ್ದರು? ಸತ್ತವನ ಪರ. ಇಡೀ ನಗರ "ಸತ್ತಿದ್ದು ಒಳ್ಳೇದಾಯ್ತು" ಅಂತಿದ್ದವನ ಮನೆಯವರ ಪರ ಪ್ರಕರಣದ ಮೇಲೆ ಕಣ್ಣಿಡೋ ವಕೀಲರಾಗಿ ಪ್ರಾಸಿಕ್ಯೂಷನ್ ಪಕ್ಕ ಕೂತಿದ್ದರು. ಜೇಠ್ಮಲಾನಿಯೇ ನಾನಾವತಿಯನ್ನು ಬಿಡಿಸಿದ್ದು ಅಂತ ಇವತ್ತಿಗೂ ಹೇಳೋರಿದ್ದಾರೆ. ತಪ್ಪು. ನಾನಾವತಿ ಪರ ಇದ್ದಿದ್ದು ಕಾರ್ಲ್ ಖಂಡಾಲಾವಾಲಾ. ಆ ಕೇಸಿನಿಂದಲೇ ಜ್ಯೂರಿ ಪದ್ಧತಿ ರಾತ್ರೋರಾತ್ರಿ ರದ್ದಾಯ್ತು ಅನ್ನೋದೂ ಅಷ್ಟು ಸರಿಯಲ್ಲ. ಅದಾದ ಮೇಲೂ ದೇಶದಲ್ಲಿ ಅಲ್ಲಲ್ಲಿ ಜ್ಯೂರಿ ವಿಚಾರಣೆ ನಡೆದಿವೆ.

ಆಮೇಲೆ ಬಂದಿದ್ದು ಸ್ಮಗ್ಲರ್‌ಗಳ ಕಾಲ. ಹಾಜಿ ಮಸ್ತಾನ್‌ನಂಥವರ ಪರ ನಿಂತು 'ಸ್ಮಗ್ಲರ್‌ಗಳ ವಕೀಲ' ಅಂತ ಬೈಸಿಕೊಂಡರು. ಅದನ್ನು ಮುಚ್ಚಿಡೋ ಗೋಜಿಗೂ ಹೋಗಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಅವರು ಅಖಿಲ ಭಾರತ ಬಾರ್ ಕೌನ್ಸಿಲ್ ಅಧ್ಯಕ್ಷರು. ಇಂದಿರಾ ಗಾಂಧಿಯವರನ್ನು ಬಹಿರಂಗವಾಗಿ ಟೀಕಿಸಿದರು, ಕೇರಳದಿಂದ ಬಂಧನ ವಾರಂಟ್ ಬಂತು. ನಾನಿ ಪಾಲ್ಖಿವಾಲಾ ಮುಂದಾಳತ್ವದಲ್ಲಿ 300ಕ್ಕೂ ಹೆಚ್ಚು ವಕೀಲರು ಬೊಂಬಾಯಿ ಹೈಕೋರ್ಟಿನಲ್ಲಿ ಅವರ ಪರ ಹಾಜರಾಗಿ ತಡೆ ತಂದರು. ಆದರೆ 1976ರ ಏಪ್ರಿಲ್‌ನಲ್ಲಿ ಎಡಿಎಂ ಜಬಲ್ಪುರ್ ತೀರ್ಪು ಬಂತು. ತುರ್ತು ಪರಿಸ್ಥಿತಿಯಲ್ಲಿ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸೋ ಹಾಗೇ ಇಲ್ಲ ಅಂದುಬಿಟ್ಟಿತು ಸುಪ್ರೀಂ ಕೋರ್ಟು. ಇನ್ನು ಇಲ್ಲಿದ್ದರೆ ಜೈಲು ಗ್ಯಾರಂಟಿ. ಅಮೆರಿಕಕ್ಕೆ ಹೋಗಿ ಆಶ್ರಯ ಪಡೆದರು. 1977ರಲ್ಲಿ ವಾಪಸ್ ಬಂದು ಚುನಾವಣೆಗೆ ನಿಂತರು. ಸೋಲಿಸಿದ್ದು ಯಾರನ್ನ? ಇಂದಿರಾ ಸರ್ಕಾರದ ಕಾನೂನು ಮಂತ್ರಿ ಎಚ್.ಆರ್. ಗೋಖಲೆಯವರನ್ನೇ.

ಈಗ ನಿಧಾನವಾಗಿ ಕೇಳಿ. ಮುಖ್ಯವಾದದ್ದು ಇಲ್ಲಿದೆ.

1984ರ ಅಕ್ಟೋಬರ್ 31. ದೆಹಲಿಯ ಸಫ್ದರ್‌ಜಂಗ್ ರಸ್ತೆ. ಇಂದಿರಾ ಗಾಂಧಿಯವರನ್ನು ಅವರ ಕಾವಲುಗಾರರಾದ ಬೇಅಂತ್ ಸಿಂಗ್ ಮತ್ತು ಸತ್ವಂತ್ ಸಿಂಗ್ ಗುಂಡಿಟ್ಟು ಕೊಂದರು. ಬೇಅಂತ್ ಅಲ್ಲೇ ಪೊಲೀಸರ ಗುಂಡಿಗೆ ಸತ್ತ. ಉಳಿದ ಸತ್ವಂತ್ ಜೊತೆ ಇನ್ನಿಬ್ಬರನ್ನು ಸಂಚಿನ ಆರೋಪದ ಮೇಲೆ ಹಿಡಿದರು. ಒಬ್ಬ ಕೇಹರ್ ಸಿಂಗ್, ಬೇಅಂತ್‌ನ ಸಂಬಂಧಿ, ಸರ್ಕಾರಿ ಕಚೇರಿಯ ನೌಕರ. ಇನ್ನೊಬ್ಬ ಬಲಬೀರ್ ಸಿಂಗ್, ಪ್ರಧಾನಿ ಮನೆಯ ಭದ್ರತೆಯಲ್ಲಿದ್ದ ಸಬ್ ಇನ್‌ಸ್ಪೆಕ್ಟರ್. ವಿಚಾರಣೆ ತಿಹಾರ್ ಜೈಲಿನ ಒಳಗೇ ನಡೀತು. 1986ರ ಜನವರಿಯಲ್ಲಿ ಮೂವರಿಗೂ ಗಲ್ಲು. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟು ಅದನ್ನು ಖಾಯಂ ಮಾಡಿತು. ಪ್ರಧಾನಿ ಯಾರು? ಕೊಲೆಯಾದವರ ಮಗ ರಾಜೀವ್ ಗಾಂಧಿ. ಜನರ ಮನಸ್ಸಲ್ಲಿ ಗಾಯ ಇನ್ನೂ ಹಸಿ.

ಈ ಮೇಲ್ಮನವಿಗೆ ಸುಪ್ರೀಂ ಕೋರ್ಟಿನಲ್ಲಿ ನಿಂತವರು ಜೇಠ್ಮಲಾನಿ. ಇಂದಿರಾ ಕಾಲದಲ್ಲಿ ದೇಶ ಬಿಟ್ಟು ಓಡಬೇಕಾಗಿ ಬಂದವರು ಇಂದಿರಾ ಹಂತಕರ ಕೇಸು ಹಿಡಿದರೆ ಜನ ಏನಂತಾರೆ? ಸೇಡು ಅಂತಾರೆ. ಅಂದರು ಕೂಡ. ಅವರು ಬಿಜೆಪಿಯ ಉಪಾಧ್ಯಕ್ಷರಾಗಿದ್ದವರು. ಪಕ್ಷಕ್ಕೂ ಇದು ಸರಿಬರಲಿಲ್ಲ. ಅವರು ಪಕ್ಷ ಬಿಟ್ಟರು, ಕೇಸು ಬಿಡಲಿಲ್ಲ.

ಮೇಲ್ಮನವಿ ಅಂದರೆ ಏನು ಅಂತ ಒಂದು ಮಾತು ಹೇಳಿಬಿಡ್ತೀನಿ, ಯಾಕೆಂದರೆ ಸಿನಿಮಾದಲ್ಲಿ ಇದನ್ನು ಯಾರೂ ತೋರಿಸಲ್ಲ. ಅಲ್ಲಿ ಕಟಕಟೆ ಇಲ್ಲ, ಸಾಕ್ಷಿ ಅಳೋದಿಲ್ಲ, "ಅಬ್ಜೆಕ್ಷನ್ ಮೈ ಲಾರ್ಡ್" ಇಲ್ಲ. ಕೆಳ ಕೋರ್ಟಿನಲ್ಲಿ ಆಗಿದ್ದೆಲ್ಲ ಕಾಗದದಲ್ಲಿರುತ್ತೆ, ಸಾವಿರಾರು ಪುಟ. ಆ ಕಾಗದದ ರಾಶಿಯಲ್ಲಿ ಪೊಲೀಸರ ಕಥೆ ಎಲ್ಲಿ ಹೊಲಿಗೆ ಬಿಟ್ಟಿದೆ ಅಂತ ಹುಡುಕಬೇಕು. ದಾರದ ತುದಿ ಸಿಕ್ಕರೆ ಎಳೀಬೇಕು. ಅಷ್ಟೇ ಕೆಲಸ. ಆದರೆ ಒಂದು ತಲೆ ಉಳಿಯೋದೂ ಉರುಳೋದೂ ಆ ದಾರದ ಮೇಲೆ.

ಬಲಬೀರ್ ಸಿಂಗ್ ವಿರುದ್ಧ ಏನಿತ್ತು? ಪ್ರಧಾನಿ ಮನೆ ಹತ್ತಿರದ ಮರದ ಮೇಲೆ ಅಕ್ಟೋಬರ್‌ನಲ್ಲಿ ಒಂದು ಗಿಡುಗ ಬಂದು ಕೂತಿತ್ತಂತೆ. ಸಿಖ್ಖರಿಗೆ ಗಿಡುಗ ಅಂದರೆ ಗುರು ಗೋವಿಂದ್ ಸಿಂಗರ ನೆನಪು. ಬಲಬೀರ್ ಅದನ್ನು ಬೇಅಂತ್‌ಗೆ ತೋರಿಸಿದ, ಇಬ್ಬರೂ ಪ್ರಾರ್ಥನೆ ಮಾಡಿದರು, ಸೇಡಿನ ಮಾತಾಡಿದರು ಅನ್ನೋದು ಪ್ರಾಸಿಕ್ಯೂಷನ್ ಕಥೆ. ಅದನ್ನು ಹೇಳಿದ ಪೊಲೀಸ್ ಸಾಕ್ಷಿ ಕೊಲೆಯಾದ ತಕ್ಷಣ ಅದನ್ನೆಲ್ಲ ಹೇಳಿರಲಿಲ್ಲ, ಕಥೆ ಕಂತುಕಂತಾಗಿ ಬೆಳೆದು ಬಂದಿತ್ತು. ಎರಡನೇದು, ಬಲಬೀರ್‌ನ ಜೇಬಲ್ಲಿ ಸಿಕ್ಕಿತು ಅಂತ ಹೇಳಿದ ಒಂದು ಕಾಗದ. ಅದರಲ್ಲಿ ಕೆಲವು ತಾರೀಕು, ಬ್ಲೂಸ್ಟಾರ್ ಕಾರ್ಯಾಚರಣೆಯ ನೋವು, ಗಿಡುಗದ ಪ್ರಸ್ತಾಪ. ಪ್ರಧಾನಿಯನ್ನು ಕೊಲ್ಲೋಣ ಅಂತ ಯಾರ ಜೊತೆಗಾದರೂ ಒಪ್ಪಂದ ಆದ ಮಾತು? ಇಲ್ಲ.

ಎಲ್ಲಕ್ಕಿಂತ ದೊಡ್ಡ ತೂತು ಬಂಧನದ ದಿನಾಂಕದಲ್ಲಿತ್ತು. 1984ರ ಡಿಸೆಂಬರ್ 3ರಂದು ನಜಫ್‌ಗಢದ ಬಸ್ ಸ್ಟ್ಯಾಂಡ್ ಹತ್ತಿರ ಬಲಬೀರ್‌ನನ್ನು ಹಿಡಿದೆವು, ಆಗ ಆ ಕಾಗದ ಸಿಕ್ಕಿತು ಅಂತ ಪೊಲೀಸರು ಹೇಳಿದ್ದರು. ಆದರೆ ಕೊಲೆಯಾದ ಮಾರನೇ ದಿನವೇ ಅವನ ಮನೆ ಶೋಧ ಆಗಿದೆ, ಅವನನ್ನು ಯಮುನಾ ವೆಲೋಡ್ರೋಮ್‌ಗೆ ಕರೆದುಕೊಂಡು ಹೋಗಿದ್ದಾರೆ ಅನ್ನೋದು ಪ್ರಾಸಿಕ್ಯೂಷನ್‌ನ ದಾಖಲೆಯಲ್ಲೇ ಇತ್ತು. ಅಲ್ಲಿಂದ ಅವನನ್ನು ಯಾವಾಗ ಬಿಟ್ಟರು? ಸರಿಯಾದ ಉತ್ತರವೇ ಇಲ್ಲ. ಪ್ರಧಾನಿ ಕೊಲೆ ಕೇಸಿನಲ್ಲಿ ಕೈಗೆ ಸಿಕ್ಕ ಶಂಕಿತನನ್ನು ಬಿಟ್ಟು, ತಿಂಗಳಾದ ಮೇಲೆ ಅವನೇ ಆ ಕಾಗದ ಜೇಬಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಬಂದು ನಿಂತ ಅಂದರೆ ನೀವು ನಂಬ್ತೀರಾ?

ಸುಪ್ರೀಂ ಕೋರ್ಟು ನಂಬಲಿಲ್ಲ. 1988ರ ಆಗಸ್ಟ್ 3ರಂದು ತೀರ್ಪು ಬಂತು. ಪೀಠದಲ್ಲಿ ಜಿ.ಎಲ್. ಓಝಾ, ಬಿ.ಸಿ. ರೇ ಮತ್ತು ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದ ಕೆ. ಜಗನ್ನಾಥ ಶೆಟ್ಟಿ. ಮೂವರೂ ಒಮ್ಮತದಿಂದ ಬಲಬೀರ್ ಸಿಂಗ್‌ನನ್ನು ಖುಲಾಸೆ ಮಾಡಿದರು. ಎರಡು ಕೋರ್ಟುಗಳು ಗಲ್ಲಿಗೆ ಕಳಿಸಿದ್ದ ಮನುಷ್ಯ ಮನೆಗೆ ಹೋದ. ಒಂದು ಕ್ಷಣ ಯೋಚನೆ ಮಾಡಿ. "ಇಂಥವನಿಗೂ ವಕೀಲ ಬೇಕಾ" ಅನ್ನೋ ಮಾತಿಗೆ ದೇಶ ತಲೆಯಾಡಿಸಿದ್ದರೆ ಏನಾಗ್ತಿತ್ತು?

ಕೇಹರ್ ಸಿಂಗ್ ವಿಷಯದಲ್ಲಿ ಜೇಠ್ಮಲಾನಿ ಗೆಲ್ಲಲಿಲ್ಲ. ಬೇಅಂತ್ ಮನೆಯ ತಾರಸಿಯ ಮೇಲೆ ನಡೆದ ಗುಸುಗುಸು ಮಾತು, ಜೊತೆಗೆ ಮಾಡಿದ ಅಮೃತಸರ ಪ್ರಯಾಣ, ಇಂಥ ಸಾಂದರ್ಭಿಕ ಸಾಕ್ಷ್ಯ ಸಾಕು ಅಂದಿತು ಕೋರ್ಟು. ಕ್ಷಮಾದಾನದ ಅರ್ಜಿ ರಾಷ್ಟ್ರಪತಿಗೆ ಹೋಯಿತು. ಕೋರ್ಟು ತೀರ್ಮಾನಿಸಿದ ಮೇಲೆ ಸಾಕ್ಷ್ಯವನ್ನು ನಾವು ಮತ್ತೆ ನೋಡೋ ಹಾಗಿಲ್ಲ ಅನ್ನೋ ಉತ್ತರ ಬಂತು. ಅದನ್ನೂ ಪ್ರಶ್ನಿಸಿದರು. 1988ರ ಡಿಸೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಹಾಗಲ್ಲ, ರಾಷ್ಟ್ರಪತಿ ಸಾಕ್ಷ್ಯವನ್ನೂ ಪರಿಶೀಲಿಸಬಹುದು ಅಂತ ಹೇಳಿತು. ಕ್ಷಮಾದಾನದ ಬಗ್ಗೆ ಇವತ್ತಿಗೂ ಉಲ್ಲೇಖಿಸೋ ತೀರ್ಪು ಅದು. ಕಾನೂನು ಗೆದ್ದಿತು, ಕೇಹರ್ ಉಳಿಯಲಿಲ್ಲ. 1989ರ ಜನವರಿ 6ರ ಬೆಳಗ್ಗೆ ತಿಹಾರ್‌ನಲ್ಲಿ ಸತ್ವಂತ್ ಜೊತೆ ಅವನನ್ನೂ ಗಲ್ಲಿಗೇರಿಸಿದರು.

ತೊಂಬತ್ತರ ದಶಕ ಹಗರಣಗಳ ದಶಕ. ಷೇರು ಹಗರಣದ ಹರ್ಷದ್ ಮೆಹ್ತಾ 1993ರಲ್ಲಿ ಪ್ರಧಾನಿ ನರಸಿಂಹ ರಾವ್ ಅವರಿಗೆ ಸೂಟ್‌ಕೇಸಿನಲ್ಲಿ ಕೋಟಿ ರೂಪಾಯಿ ಕೊಟ್ಟೆ ಅಂತ ಪತ್ರಿಕಾಗೋಷ್ಠಿ ಮಾಡಿದಾಗ ಪಕ್ಕದಲ್ಲಿದ್ದ ವಕೀಲರು ಇವರೇ. ಹವಾಲಾ ಕೇಸಿನಲ್ಲಿ ಎಲ್.ಕೆ. ಅಡ್ವಾಣಿ ಪರ ವಾದಿಸಿದರು. ಜೈನ್ ಸೋದರರ ಡೈರಿಯಲ್ಲಿ ಹೆಸರಿನ ಮೊದಲಕ್ಷರ, ಎದುರಿಗೆ ಮೊತ್ತ. ಬರೀ ಬರಹ ಇದ್ದರೆ ಸಾಲದು, ಅದನ್ನು ಸಮರ್ಥಿಸೋ ಬೇರೆ ಪುರಾವೆ ಬೇಕು ಅನ್ನೋದು ವಾದದ ತಿರುಳು. ದೆಹಲಿ ಹೈಕೋರ್ಟು ಒಪ್ಪಿತು, 1998ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. ಡೈರಿ ಸಿಕ್ಕಿದೆ ಅಂತ ನಾವು ಚಾನೆಲ್‌ನವರು ಬ್ರೇಕಿಂಗ್ ಹಾಕಿದಾಗೆಲ್ಲ ಆರೋಪಿಗಳ ವಕೀಲರು ನಗುನಗುತ್ತಾ ಕೋರ್ಟಿಗೆ ಹೋಗ್ತಾರಲ್ಲ, ಆ ಧೈರ್ಯ ಈ ತೀರ್ಪಿನದು.

ಆಮೇಲೆ ಸಂಸತ್ ದಾಳಿ. 2001ರ ಡಿಸೆಂಬರ್ 13. ದೆಹಲಿಯ ಝಾಕಿರ್ ಹುಸೇನ್ ಕಾಲೇಜಿನ ಅರೇಬಿಕ್ ಅಧ್ಯಾಪಕ ಎಸ್.ಎ.ಆರ್. ಗೀಲಾನಿಗೆ 2002ರಲ್ಲಿ ವಿಶೇಷ ಕೋರ್ಟು ಗಲ್ಲು ವಿಧಿಸಿತು. ತೀರ್ಪು ಬರೋ ಮೊದಲೇ ಒಂದು ಹಿಂದಿ ಚಾನೆಲ್ ಪೊಲೀಸರ ಆರೋಪಪಟ್ಟಿಯ ಕಥೆಯನ್ನೇ ಸಿನಿಮಾ ಮಾಡಿ ಪ್ರಸಾರ ಮಾಡಿಬಿಟ್ಟಿತ್ತು. ಗೀಲಾನಿ ವಿರುದ್ಧದ ಮುಖ್ಯ ಸಾಕ್ಷ್ಯ ಏನು ಗೊತ್ತಾ? ದಾಳಿಯ ಮರುದಿನ ತಮ್ಮನ ಜೊತೆ ಕಾಶ್ಮೀರಿಯಲ್ಲಿ ಆಡಿದ ಒಂದು ಫೋನ್ ಮಾತು. 2 ನಿಮಿಷ 16 ಸೆಕೆಂಡು. ಪೊಲೀಸರಿಗೆ ಅದನ್ನು ಅನುವಾದಿಸಿ ಕೊಟ್ಟವನು ಒಬ್ಬ ಹಣ್ಣಿನ ವ್ಯಾಪಾರಿ. "ಇದೇನು ಮಾಡಿದಿರಿ" ಅಂತ ತಮ್ಮ ಕೇಳಿದ, ಇವನು ನಕ್ಕ, ಅದು ದಾಳಿಯ ಬಗ್ಗೆಯೇ ಅನ್ನೋದು ಪ್ರಾಸಿಕ್ಯೂಷನ್ ವಾದ. ಮನೆಯ ಜಗಳದ ಮಾತದು, ಟೇಪಿನಲ್ಲಿ ಸರಿಯಾಗಿ ಕೇಳಿಸೋದೂ ಇಲ್ಲ ಅಂತ ಪ್ರತಿವಾದ.

ಜೇಠ್ಮಲಾನಿ ಆ ಹೊತ್ತಿಗೆ ವಾಜಪೇಯಿ ಸರ್ಕಾರದ ಮಾಜಿ ಕಾನೂನು ಮಂತ್ರಿ. ಅದೇ ಸರ್ಕಾರದ ಪೊಲೀಸರ ಕೇಸಿನ ಎದುರು ದೆಹಲಿ ಹೈಕೋರ್ಟಿನಲ್ಲಿ ನಿಂತರು. ದೇಶದ್ರೋಹಿಯ ವಕೀಲ ಅಂತ ಪ್ರತಿಭಟನೆ, ಬೆದರಿಕೆ. 2003ರ ಅಕ್ಟೋಬರ್ 29ರಂದು ಹೈಕೋರ್ಟು ಗೀಲಾನಿಯನ್ನು ಖುಲಾಸೆ ಮಾಡಿತು. 2005ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಅನುಮಾನದ ಮುಳ್ಳು ಅವನ ಕಡೆ ತೋರಿಸುತ್ತೆ, ಆದರೆ ಅನುಮಾನ ಪುರಾವೆ ಅಲ್ಲ ಅನ್ನೋ ಅರ್ಥದಲ್ಲಿ. ಅದೇ ಕೇಸಿನ ಇನ್ನೊಬ್ಬ ಆರೋಪಿ ಅಫ್ಜಲ್ ಗುರು ವಿಚಾರಣೆ ಹೊತ್ತಿನಲ್ಲಿ ಕೋರ್ಟು ನೇಮಿಸಿಕೊಟ್ಟ ವಕೀಲರ ಮೇಲೇ ನಿಂತಿದ್ದ. ತನಗೆ ಸರಿಯಾದ ವಕೀಲರ ನೆರವು ಸಿಗಲಿಲ್ಲ ಅಂತ ಆಮೇಲೆ ವಾದಿಸಿದ. ಸುಪ್ರೀಂ ಕೋರ್ಟು ಆ ವಾದ ಒಪ್ಪಲಿಲ್ಲ, ಅವನ ವಿರುದ್ಧದ ಸಾಕ್ಷ್ಯ ಬೇರೆಯೇ ತೂಕದ್ದು ಅಂತು. 2013ರಲ್ಲಿ ಗಲ್ಲಾಯಿತು. ಇಬ್ಬರ ಕೇಸೂ ಒಂದೇ ಅಂತ ನಾನು ಹೇಳ್ತಿಲ್ಲ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ನಿದ್ದೆ ಬರಲ್ಲ.

ಹಾಗಂತ ಜೇಠ್ಮಲಾನಿ ದೇವರಲ್ಲ. ಜೆಸಿಕಾ ಲಾಲ್ ಕೇಸಿನಲ್ಲಿ ಮನು ಶರ್ಮಾ ಪರ ನಿಂತಾಗ ನನಗೂ ಕಸಿವಿಸಿ ಆಯ್ತು. 1999ರಲ್ಲಿ ಡ್ರಿಂಕ್ಸ್ ಕೊಡಲಿಲ್ಲ ಅಂತ ಒಂದು ಹೆಣ್ಣುಮಗಳ ತಲೆಗೆ ಗುಂಡು. ಸಾಕ್ಷಿಗಳು ಒಬ್ಬರಾದ ಮೇಲೊಬ್ಬರು ಉಲ್ಟಾ ಹೊಡೆದರು, 2006ರ ಫೆಬ್ರುವರಿಯಲ್ಲಿ ಎಲ್ಲರೂ ಖುಲಾಸೆ. ದೇಶ ಮೇಣದಬತ್ತಿ ಹಿಡಿದು ಬೀದಿಗೆ ಬಂತು. ಅದೇ ಡಿಸೆಂಬರ್‌ನಲ್ಲಿ ಹೈಕೋರ್ಟು ಶಿಕ್ಷೆ ಕೊಟ್ಟಿತು, 2010ರಲ್ಲಿ ಸುಪ್ರೀಂ ಕೋರ್ಟು ಖಾಯಂ ಮಾಡಿತು. ಗುಂಡು ಹೊಡೆದಿದ್ದು ಬೇರೆ ಯಾರೋ ಎತ್ತರದ ಸಿಖ್ ವ್ಯಕ್ತಿ ಅನ್ನೋ ಜೇಠ್ಮಲಾನಿ ವಾದ ನಿಲ್ಲಲಿಲ್ಲ. ಟಿವಿ ಸಂದರ್ಶನದಲ್ಲಿ ಸಿಡಿದುಬಿದ್ದರು. ಯಾರ ಪರ ನಿಲ್ಲಬೇಕು ಅನ್ನೋದನ್ನು ನನ್ನ ಮನಸ್ಸಾಕ್ಷಿ ಹೇಳುತ್ತೆ, ಜನರ ಅಭಿಪ್ರಾಯ ಅಲ್ಲ ಅನ್ನೋದು ಅವರು ಎಲ್ಲ ಕಡೆ ಕೊಡ್ತಿದ್ದ ಉತ್ತರ. ಸರಿ. ಆದರೆ ಬಡ ಆರೋಪಿಗೂ ಮಂತ್ರಿಯ ಮಗನಿಗೂ ಒಂದೇ ದರ್ಜೆಯ ವಕೀಲ ಸಿಗ್ತಾರಾ ಅನ್ನೋ ಪ್ರಶ್ನೆಗೆ ಆ ಉತ್ತರ ಸಾಲದು. ಅದು ಅವರೊಬ್ಬರೇ ಉತ್ತರ ಕೊಡೋ ಪ್ರಶ್ನೆಯೂ ಅಲ್ಲ ಅನ್ನಿ.

ನಮ್ಮ ಬೆಂಗಳೂರಿಗೂ ಅವರು ಬಂದರು. 2014ರ ಸೆಪ್ಟೆಂಬರ್ 27ರಂದು ಜಯಲಲಿತಾ ಅವರಿಗೆ ವಿಶೇಷ ಕೋರ್ಟು 4 ವರ್ಷ ಜೈಲು, 100 ಕೋಟಿ ದಂಡ ಹಾಕಿತು. ಪರಪ್ಪನ ಅಗ್ರಹಾರ. ಅಕ್ಟೋಬರ್ 7ರಂದು ಹೈಕೋರ್ಟಿನಲ್ಲಿ ಜಾಮೀನಿಗೆ ಜೇಠ್ಮಲಾನಿ ವಾದ. ಆಗ ಅವರ ವಯಸ್ಸು 91. ಷರತ್ತುಬದ್ಧ ಜಾಮೀನಿಗೆ ಅಭ್ಯಂತರ ಇಲ್ಲ ಅಂತ ಸರ್ಕಾರಿ ವಕೀಲರು ಅಂದಿದ್ದೇ ತಡ, ಹಲವು ಚಾನೆಲ್‌ಗಳಲ್ಲಿ "ಜಾಮೀನು ಮಂಜೂರು" ಅಂತ ಫ್ಲ್ಯಾಶ್. ಹೊರಗೆ ಪಟಾಕಿ, ಸಿಹಿ. ಒಳಗೆ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ ಅವರು ಆದೇಶ ಓದಿದರು: ಜಾಮೀನು ಇಲ್ಲ. ಪಟಾಕಿ ಹೊಡೆದವರೇ ಅತ್ತರು. ಹತ್ತು ದಿನ ಆದ ಮೇಲೆ ಸುಪ್ರೀಂ ಕೋರ್ಟಿನಲ್ಲಿ ಜಾಮೀನು ಸಿಕ್ಕಿತು.

ಇನ್ನೊಂದು ನೆನಪು ಮಾಡಿಕೊಡಬೇಕು. 2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯಲ್ಲಿ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಮೇಲೆ ದೇಶದ್ರೋಹದ ಕೇಸು ಬಿತ್ತು. ಇವರ ಪರ ಯಾರೂ ವಕಾಲತ್ತು ಹಾಕಬಾರದು ಅಂತ ಅಲ್ಲಿನ ವಕೀಲರ ಸಂಘ ನಿರ್ಣಯ ಮಾಡಿತು. ಬೆಂಗಳೂರಿನಿಂದ ಹೋದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಕೋರ್ಟಿಗೆ ಹೋಗಬೇಕಾಯ್ತು. ಹೈಕೋರ್ಟು ತರಾಟೆಗೆ ತಗೊಂಡ ಮೇಲೆ ನಿರ್ಣಯ ಬದಲಾಯಿತು. ಇಂಥ ನಿರ್ಣಯಗಳು ಕಾನೂನಿನ ಕಣ್ಣಲ್ಲಿ ಶೂನ್ಯ ಅಂತ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿತ್ತು. ವಕೀಲರ ಸಂಘಕ್ಕೇ ಅದು ನೆನಪಿರಲಿಲ್ಲ ಅಂದರೆ, ಫೋನ್ ಮಾಡೋ ವೀಕ್ಷಕರನ್ನು ನಾನೇನು ದೂರಲಿ?

ಜೇಠ್ಮಲಾನಿ 2017ರಲ್ಲಿ ನಿವೃತ್ತಿ ಹೇಳಿದರು. 2019ರ ಸೆಪ್ಟೆಂಬರ್ 8ರಂದು, 96 ತುಂಬಲು ಆರು ದಿನ ಇರುವಾಗ ತೀರಿಕೊಂಡರು. ಅವರು ಬಿಟ್ಟುಹೋದ ಕೇಸುಗಳಲ್ಲಿ ಒಂದು ಮಾತ್ರ ಹೇಳಿ ಮುಗಿಸ್ತೀನಿ. ಬೊಫೋರ್ಸ್ ಕಾಲದಲ್ಲಿ ರಾಜೀವ್ ಗಾಂಧಿಗೆ ದಿನಕ್ಕೆ ಹತ್ತು ಪ್ರಶ್ನೆ ಹಾಕಿದ್ದು ಇವರೇ. ರಾಜೀವ್ ಹತ್ಯೆಯ ಕೇಸಿನಲ್ಲಿ ಮುರುಗನ್, ಶಾಂತನ್, ಪೇರರಿವಾಳನ್ ಮೂವರನ್ನು 2011ರ ಸೆಪ್ಟೆಂಬರ್ 9ಕ್ಕೆ ಗಲ್ಲಿಗೇರಿಸೋದು ಅಂತ ದಿನ ಗೊತ್ತಾಗಿತ್ತು. ಆಗಸ್ಟ್ 30ರಂದು ಮದ್ರಾಸ್ ಹೈಕೋರ್ಟಿಗೆ ಹೋಗಿ, ಕ್ಷಮಾದಾನದ ಅರ್ಜಿಯನ್ನು 11 ವರ್ಷ ಕೊಳೆಸಿ ಈಗ ಕೊಲ್ತೀರಾ ಅಂತ ಕೇಳಿ, ಎಂಟು ವಾರದ ತಡೆ ತಂದವರೂ ಇವರೇ. ಆ ಎಂಟು ವಾರ ಮತ್ತೆ ಮುಗಿಯಲೇ ಇಲ್ಲ. 2014ರಲ್ಲಿ ಗಲ್ಲು ಜೀವಾವಧಿ ಆಯ್ತು. 2022ರ ಮೇ 18ರಂದು ಸುಪ್ರೀಂ ಕೋರ್ಟು ಪೇರರಿವಾಳನ್‌ನನ್ನು ಬಿಡುಗಡೆ ಮಾಡಿತು. 19ನೇ ವಯಸ್ಸಿಗೆ ಬಂಧನವಾಗಿದ್ದವನು ಹೊರಗೆ ಬಂದಾಗ 50 ದಾಟಿದ್ದ. ವಕೀಲರು ತೀರಿಕೊಂಡು ಆಗಲೇ ಎರಡೂವರೆ ವರ್ಷ ಕಳೆದಿತ್ತು.